ಸಣ್ಣ ಕಾಲೇಜಿಗೆ ಒಂದು ಭೇಟಿ

ಜಾವಗಲ್ ಎಂಬ ಹೆಸರನ್ನು ಕೇಳದವರು ವಿರಳ. ಮೈಸೂರಿನಲ್ಲಿ ಹುಟ್ಟಿದ ಕ್ರಿಕೆಟ್ ಆಟಗಾರ ಜಾವಗಲ್ ಶ್ರೀನಾಥರೊಡನೆ ಆ ಹೆಸರು ದೇಶದೇಶಗಳನ್ನು ಸುತ್ತಿ ಬಂದಿದೆ. ಆದರೆ ಅರಸೀಕೆರೆ ತಾಲ್ಲೂಕಿನ ಆ ಊರನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಬೇಲೂರು ಹಳೇಬೀಡುಗಳಿಗೆ ಬಂದ ಯಾತ್ರಿಕರಲ್ಲಿ ಬಹುಮಂದಿ ಇತ್ತ ತಿರುಗಿ ನೋಡದೆ ಹೊರಟುಹೋಗುತ್ತಾರೆ. ಹೆಸರನ್ನು ಕೇಳಿ ಬೆಲೆ ಕಟ್ಟುವ ಈ ರೂಢಿ ನಮ್ಮಲ್ಲಿಯೂ ಇತ್ತೆಂಬುದು, ಇದೇ ಹೋಬಳಿಯವರಾದ ನಮಗೆ ಕಳೆದ ಬೇಸಿಗೆಯಲ್ಲಿ ತಿಳಿಯಿತು.

ನಮ್ಮ ಹಿರಿಯ ಮಗಳು ಪಿ.ಯು.ಸಿ. ಮುಗಿಸಿದ್ದಳು. ಚರಿತ್ರೆಯನ್ನು ಓದಬೇಕೆಂಬುದು ಅವಳ ಆಸೆ; ಮೈಸೂರಿನ ಹೆಸರಾಂತ ಕಾಲೇಜಿಗೆ ಸೇರಿಸಬೇಕೆಂಬುದು ನಮ್ಮ ಆಸೆ. ಹಾಸ್ಟೆಲು, ಊಟ, ಪ್ರಯಾಣಗಳ ಲೆಕ್ಕ ಹಾಕಿದಾಗ, ಅವಳ ತಮ್ಮನ ಓದಿಗೆಂದು ಕೂಡಿಟ್ಟ ಹಣಕ್ಕೂ ಕೈಹಾಕಬೇಕಾದೀತೆಂದು ಕಂಡುಬಂದಿತು. ಆಗ ಅವಳೇ, “ಅಪ್ಪಾ, ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಸರ್ಕಾರಿ ಕಾಲೇಜು ಇದೆಯಲ್ಲ, ಒಂದು ಸಲ ನೋಡಿಬರೋಣ” ಎಂದಳು. ಒಲ್ಲದ ಮನಸ್ಸಿನಿಂದಲೇ ಹೊರಟೆವು. ಆ ಕಾಲೇಜಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ; ಅಲ್ಲಿ ಕಂಡ ಗುಣದೋಷಗಳು ಅಂಥ ಇತರ ಕಾಲೇಜುಗಳಲ್ಲಿಯೂ ಇರತಕ್ಕವೇ.

ಕಟ್ಟಡ ಸಾಧಾರಣವಾದುದು, ಅಂಗಳ ಚೊಕ್ಕಟವಾಗಿತ್ತು. ಗ್ರಂಥಾಲಯದಲ್ಲಿ ಒಳ್ಳೆಯ ಪುಸ್ತಕಗಳಿದ್ದುವು, ಆದರೆ ಬೀರುಗಳಿಗೆ ಬೀಗ ಹಾಕಿತ್ತು. ಚರಿತ್ರೆಯ ಅಧ್ಯಾಪಕರು ನಮ್ಮನ್ನು ಕೂರಿಸಿ ಮಾತನಾಡಿಸಿದರು. ಇಲ್ಲಿ ಓದಿದವರಿಗೆ ಹೊರಗೆ ಮರ್ಯಾದೆ ಉಂಟೇ ಎಂಬುದೊಂದೇ ನಮ್ಮ ಪ್ರಶ್ನೆ. ಅವರು ನಕ್ಕು, ಪದವಿಯನ್ನು ಕೊಡುವುದು ಕಾಲೇಜಲ್ಲ, ವಿಶ್ವವಿದ್ಯಾನಿಲಯ. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ಒಂದೇ ವಿಶ್ವವಿದ್ಯಾನಿಲಯಕ್ಕೆ ಸೇರಿದ ದೊಡ್ಡ ಕಾಲೇಜಿಗೂ ಸಣ್ಣದಕ್ಕೂ ಪಠ್ಯ ಒಂದೇ, ಪರೀಕ್ಷೆ ಒಂದೇ ಎಂದರು. ಹಾಸನ ಜಿಲ್ಲೆಯ ಕಾಲೇಜುಗಳು ಬಹುಕಾಲ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. 2023ರಲ್ಲಿ ಹಾಸನದಲ್ಲಿಯೇ ಪ್ರತ್ಯೇಕ ವಿಶ್ವವಿದ್ಯಾನಿಲಯ ಆರಂಭವಾಯಿತು. ಸರ್ಕಾರಿ ಕಾಲೇಜಿನ ಕಾಯಂ ಅಧ್ಯಾಪಕರನ್ನು ಇಡೀ ರಾಜ್ಯಕ್ಕೆ ನಡೆಯುವ ಸ್ಪರ್ಧಾ ಪರೀಕ್ಷೆಯಿಂದ ಆರಿಸುತ್ತಾರೆ. ಈ ದಿನ ಹಳ್ಳಿಯಲ್ಲಿರುವವರು ನಾಳೆ ನಗರಕ್ಕೆ ವರ್ಗವಾಗಬಹುದು.

ಮಗಳ ಪ್ರಶ್ನೆಗಳು ಬೇರೆಯಾಗಿದ್ದುವು. “ಚರಿತ್ರೆಗೆ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಸಾರ್?” ಎಂದಳು. “ನಾನೊಬ್ಬನೇ, ಅಮ್ಮ. ಉಳಿದ ಪಾಠಗಳನ್ನು ಅತಿಥಿ ಉಪನ್ಯಾಸಕರು ಮಾಡುತ್ತಾರೆ. ಅವರ ನೇಮಕ ತಡವಾದರೆ ಪಾಠವೂ ತಡವಾಗುತ್ತದೆ” ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಪುಸ್ತಕಗಳನ್ನು ಮನೆಗೆ ಕೊಡುವಿರಾ ಎಂದಳು. ವಾರಕ್ಕೆ ಎರಡು ದಿನ ಎಂದು ಉತ್ತರ ಬಂದಿತು. ಕೊನೆಯ ತರಗತಿ ಎಷ್ಟು ಹೊತ್ತಿಗೆ ಮುಗಿಯುವುದೆಂದು ಕೇಳಿ ಬಸ್ಸಿನ ವೇಳೆಗೆ ಹೋಲಿಸಿಕೊಂಡಳು. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲವಷ್ಟೆ. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಇದ್ದರೆ ತಾನೆ ಅದರ ಪ್ರಯೋಜನ! ಓದುವವಳು ಕೇಳಬೇಕಾದುದನ್ನು ಅವಳು ಕೇಳಿದಳು. ನಾವು ನೆಂಟರಿಗೆ ಹೇಳಿಕೊಳ್ಳಬೇಕಾದುದನ್ನು ಮಾತ್ರ ಕೇಳಿದ್ದೆವು.

ಹಿಂದಿರುಗುವಾಗ ಜಾವಗಲ್ಲಿನಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಅದು ಬರುವವರೆಗೆ ಲಕ್ಷ್ಮೀನರಸಿಂಹಸ್ವಾಮಿಯ ಗುಡಿಗೆ ಹೋದೆವು. ಹದಿಮೂರನೆಯ ಶತಮಾನದ ಹೊಯ್ಸಳರ ತ್ರಿಕೂಟ ದೇವಾಲಯವದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು, ಜಾವಗಲ್ಲಿನದು ಅದರಲ್ಲಿಲ್ಲ. ಮಗಳು ಗೋಡೆಯ ವಿಗ್ರಹಗಳನ್ನು ತೋರಿಸಿ, “ಸೋಮನಾಥಪುರದ ಮಲ್ಲಿತಮ್ಮನೇ ಇಲ್ಲಿಯೂ ಕೆಲಸ ಮಾಡಿದವನು, ಅಪ್ಪಾ” ಎಂದಳು. ನಾವು ಮರುಮಾತಾಡಲಿಲ್ಲ.

ಸಣ್ಣದೆಲ್ಲವೂ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಮಗಳು ವಿಜ್ಞಾನ ಓದುವವಳಾಗಿದ್ದರೆ ಮೊದಲು ಪ್ರಯೋಗಶಾಲೆಯನ್ನು ತೆಗೆಸಿ ನೋಡುತ್ತಿದ್ದೆವು. ಅದು ಬರಿದಾಗಿದ್ದರೆ ಬೇರೆ ಕಡೆಗೇ ಕಳುಹಿಸುತ್ತಿದ್ದೆವು. ಗೃಹಸ್ಥರಾದವರು ಪಾಠ ನಡೆಯುವ ದಿನವೇ ಹೋಗಿ ನೋಡಬೇಕು. ಅಲ್ಲಿ ಓದುತ್ತಿರುವ ಮಕ್ಕಳನ್ನು ವಿಚಾರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಓದುವ ಮಗುವಿಗೆ ಮಾತನಾಡಲು ಎಡೆಗೊಡಬೇಕು. ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಕ್ರಮ 2024ರಲ್ಲಿ ಹೋಗಿ, ಮತ್ತೆ ಮೂರು ವರ್ಷದ ಪದವಿ ಬಂದಿತು. ಆ ಮೂರು ವರ್ಷಗಳನ್ನು ಕಳೆಯಬೇಕಾದವರು ಮಕ್ಕಳೇ ಹೊರತು ನಾವಲ್ಲ.

ನಮ್ಮ ಮಗಳು ಆ ಸಣ್ಣ ಕಾಲೇಜಿಗೇ ಸೇರಿದಳು. ತಮ್ಮನ ಹಣ ತಮ್ಮನಿಗೇ ಉಳಿಯಿತು. ಪುಸ್ತಕದ ಬೀರುಗಳು ಮಾತ್ರ ಈಗಲೂ ವಾರಕ್ಕೆ ಎರಡೇ ದಿನ ತೆರೆಯುತ್ತವೆ. ಅದನ್ನು ಕುರಿತು ಪೋಷಕರ ಸಭೆಯಲ್ಲಿ ನಾವು ಕೇಳಿದ್ದೇವೆ, ತೆರೆಯುವವರೆಗೂ ಕೇಳುತ್ತಿರುತ್ತೇವೆ.