ಒಂದು ಖಾಲಿ ಜಾಗದ ಬೆಲೆ

ಕಂಪ್ಯೂಟರ್ ಪರದೆಯ ಮೇಲೆ ಬಣ್ಣದ ಗುಂಡು, ಕಡ್ಡಿಗಳಾಗಿ ತಿರುಗುವ ಪ್ರೋಟೀನಿನ ಚಿತ್ರದ ಹಿಂದೆ ಇರುವುದು ಬರೀ ಅಕ್ಷರ, ಅಂಕಿಗಳ ಒಂದು ಫೈಲ್. ಸಾಲಿಗೊಂದು ಪರಮಾಣು, ಅದರ ಹೆಸರು, ಅದು ಎಲ್ಲಿದೆ ಎಂದು ತಿಳಿಸುವ ಮೂರು ಸಂಖ್ಯೆ. ಆ ಫೈಲನ್ನು ಓದಿ ಸಾಫ್ಟ್‌ವೇರಿಗೆ ಒಪ್ಪಿಸುವ ಪುಟ್ಟ ಪ್ರೋಗ್ರಾಮೇ ಇಂಪೋರ್ಟರ್. ಓಪನ್ ಬೇಬಲ್ ಎಂಬ ಉಚಿತ ಸಾಫ್ಟ್‌ವೇರಿಗೆ ಇಂಥ ನೂರಕ್ಕೂ ಹೆಚ್ಚು ಬಗೆಯ ಫೈಲ್‌ಗಳು ಗೊತ್ತು. ಆದರೂ ಲೆಕ್ಕಾಚಾರದ ಹೊಸ ಪ್ರೋಗ್ರಾಂ ಬಂದಾಗ ಅದರದೇ ಒಂದು ನಮೂನೆಯೂ ಬರುವುದುಂಟು. ಆಗ ಸಂಶೋಧಕರು ಇಂಪೋರ್ಟರನ್ನು ತಾವೇ ಬರೆದುಕೊಳ್ಳಬೇಕು.

ಸಾಲು ಓದುವುದೇನು ಮಹಾ ಎನ್ನಿಸಬಹುದು. ಪಿಡಿಬಿ ನಮೂನೆಯನ್ನೇ ನೋಡಿ. ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಶುರುವಾದಾಗ ಅದರಲ್ಲಿದ್ದದ್ದು ಏಳೇ ರಚನೆಗಳು. ಅದು 80 ಕಾಲಮ್ಮಿನ ಪಂಚ್ ಕಾರ್ಡುಗಳ ಕಾಲ. ಕಾರ್ಡು ಹೋಯಿತು, 80ರ ಅಳತೆ ಉಳಿಯಿತು. ಯಾವ ಮಾಹಿತಿ ಎಷ್ಟನೇ ಕಾಲಮ್ಮಿನಲ್ಲಿ ಎಂಬುದೆಲ್ಲ ನಿಗದಿ: ಪರಮಾಣುವಿನ ಹೆಸರು 13ರಿಂದ 16ರವರೆಗೆ, ಎಕ್ಸ್, ವೈ, ಝಡ್ ನಿರ್ದೇಶಾಂಕಗಳು 31ರಿಂದ 54ರವರೆಗೆ.

ಹೆಸರಿನ ಜಾಗದಲ್ಲಿ 'ಸಿ', 'ಎ' ಎಂಬ ಎರಡು ಇಂಗ್ಲಿಷ್ ಅಕ್ಷರಗಳಿವೆ ಎನ್ನಿ. 'ಸಿ' 13ನೇ ಕಾಲಮ್ಮಿನಲ್ಲಿದ್ದರೆ ಅದು ಕ್ಯಾಲ್ಸಿಯಂ. 13 ಖಾಲಿಯಿದ್ದು 14ರಲ್ಲಿ ಶುರುವಾದರೆ ಅದು ಪ್ರೋಟೀನಿನ ಬೆನ್ನೆಲುಬಿನ ಆಲ್ಫಾ ಕಾರ್ಬನ್. ಖಾಲಿ ಜಾಗವನ್ನು ಕಸವೆಂದು ಗುಡಿಸಿಹಾಕುವ ಪ್ರೋಗ್ರಾಂ ಪ್ರೋಟೀನಿನ ಉದ್ದಕ್ಕೂ ಕ್ಯಾಲ್ಸಿಯಂ ತುಂಬಿಬಿಟ್ಟೀತು. 77, 78ನೇ ಕಾಲಮ್ಮುಗಳಲ್ಲಿ ಧಾತುವಿನ ಸಂಕೇತಕ್ಕೆಂದೇ ಜಾಗವಿದೆ. ಆದರೆ ಅದನ್ನು ಎಲ್ಲ ಫೈಲ್‌ಗಳೂ ತುಂಬಿರುವುದಿಲ್ಲ. ಕ್ರಮಸಂಖ್ಯೆಗೆ ಐದೇ ಅಂಕಿಯ ಜಾಗವಿರುವುದರಿಂದ 99,999 ಪರಮಾಣು ದಾಟಿದ ರೈಬೋಸೋಮಿನಂಥ ರಚನೆಗಳು ಇದರಲ್ಲಿ ಹಿಡಿಸವು. ಹಾಗಾಗಿ 2014ರಲ್ಲಿ ಡೇಟಾ ಬ್ಯಾಂಕ್ ಕಾಲಮ್ಮುಗಳ ಕಟ್ಟಿಲ್ಲದ ಎಂಎಂಸಿಐಎಫ್ ನಮೂನೆಯನ್ನು ತನ್ನ ಪ್ರಮಾಣಿತ ನಮೂನೆಯಾಗಿಸಿಕೊಂಡಿತು.

ಇನ್ನು ಅಳತೆಯ ಮಾತು. ಪಿಡಿಬಿಯ ಅಳತೆ ಆಂಗ್‌ಸ್ಟ್ರಾಮ್, ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಗ್ರೋಮ್ಯಾಕ್ಸ್ ಸಾಫ್ಟ್‌ವೇರಿನ ಫೈಲ್‌ನಲ್ಲಿ ನ್ಯಾನೊಮೀಟರ್, ಅಂದರೆ ಅದರ ಹತ್ತು ಪಟ್ಟು. ಕ್ವಾಂಟಂ ಲೆಕ್ಕಾಚಾರದ ಪ್ರೋಗ್ರಾಂಗಳಲ್ಲಿ ಬೋರ್ ಎಂಬ ಅಳತೆಯೂ ಉಂಟು. ಒಂದು ಬೋರ್ ಸುಮಾರು 0.529 ಆಂಗ್‌ಸ್ಟ್ರಾಮ್. ಪರಮಾಣುಗಳ ನಡುವಿನ ಬಂಧಗಳನ್ನು ಎಕ್ಸ್‌ವೈಝಡ್‌ನಂಥ ಸರಳ ಫೈಲ್‌ಗಳು ಬರೆದಿಡುವುದೇ ಇಲ್ಲ. ಇಂಪೋರ್ಟರ್ ದೂರ ಅಳೆದು ಬಂಧ ಊಹಿಸುತ್ತದೆ. ಎರಡು ಕಾರ್ಬನ್‌ಗಳ ನಡುವಿನ ಏಕಬಂಧದ ಉದ್ದ ಸುಮಾರು 1.54 ಆಂಗ್‌ಸ್ಟ್ರಾಮ್, ಬೋರ್ ಲೆಕ್ಕದಲ್ಲಿ ಅದೇ 2.91. ಆ 2.91ನ್ನು ಆಂಗ್‌ಸ್ಟ್ರಾಮ್ ಎಂದೇ ಓದಿದರೆ ಬಂಧಗಳೆಲ್ಲ ಕಳಚಿ, ಪರದೆಯ ಮೇಲೆ ಬಿಡಿ ಪರಮಾಣುಗಳಷ್ಟೇ ಉಳಿಯುತ್ತವೆ.

ಇಂಥ ತಪ್ಪು ಕಣ್ಣಿಗೆ ಬೀಳುತ್ತದೆ, ಹಾಗಾಗಿ ಅಪಾಯವಿಲ್ಲ. ಒಂದು ಅಕ್ಷದ ಚಿಹ್ನೆ ತಿರುವುಮುರುವಾದರೆ ಮಾತ್ರ ಕಷ್ಟ. ದೂರ, ಬಂಧ ಎಲ್ಲವೂ ಸರಿಯಿರುತ್ತದೆ, ಚಿತ್ರವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ನಿಜವಾದ ಅಣುವಿನ ಕನ್ನಡಿ ಬಿಂಬ. ಬಲಕ್ಕೆ ಸುತ್ತುವ ಆಲ್ಫಾ ಸುರುಳಿ ಎಡಕ್ಕೆ ಸುತ್ತಿರುತ್ತದೆ. ಇದನ್ನು ಹಿಡಿದುಕೊಡುವುದು ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು ಮದರಾಸಿನಲ್ಲಿದ್ದಾಗ 1963ರಲ್ಲಿ ಪ್ರಕಟಿಸಿದ ನಕ್ಷೆ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದವರು. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಲ್ಲದು ಎಂಬುದು ಆ ನಕ್ಷೆಯಲ್ಲಿದೆ. ಆಲ್ಫಾ ಸುರುಳಿಯ ಕೋನಗಳು ಸುಮಾರು ಮೈನಸ್ 60, ಮೈನಸ್ 45 ಡಿಗ್ರಿ. ಅವು ಗುಂಪಾಗಿ ಪ್ಲಸ್ ಕಡೆಗೆ ಹೋಗಿ ಕೂತಿದ್ದರೆ ದೋಷ ಇಂಪೋರ್ಟರಿನದೇ ಇರಬೇಕು.

ಆದ್ದರಿಂದ ಇಂಪೋರ್ಟರ್ ಬರೆಯುವವರು ಮೊದಲು ಗೊತ್ತಿರುವ ಅಣುವನ್ನು ಓದಿಸಿ, ಬಂಧದ ಉದ್ದ, ಕೋನ, ಸುರುಳಿಯ ದಿಕ್ಕು ತಾಳೆ ನೋಡುತ್ತಾರೆ. ಅರ್ಥವಾಗದ ಸಾಲು ಸಿಕ್ಕರೆ ಪ್ರೋಗ್ರಾಂ ಏನೋ ಒಂದು ಊಹಿಸಿ ಮುಂದೆ ಹೋಗಬಾರದು. ಸಾಲಿನ ಸಂಖ್ಯೆ ಹೇಳಿ ಅಲ್ಲೇ ನಿಲ್ಲಬೇಕು. ನಿಂತ ಪ್ರೋಗ್ರಾಮಿನಿಂದ ಹಾಳಾಗುವುದು ಅರ್ಧ ದಿನ. ತಪ್ಪು ಓದಿಯೂ ಸುಮ್ಮನಿದ್ದ ಪ್ರೋಗ್ರಾಮಿನಿಂದ ಅದರ ಮೇಲೆ ಕಟ್ಟಿದ ಲೆಕ್ಕವೆಲ್ಲ ಹಾಳು.