ಥಾಯಿ ಮಕ್ಕಳ ಇಂಗ್ಲಿಷ್ ಪಠ್ಯಪುಸ್ತಕ

ಥಾಯ್ಲೆಂಡಿನ ಶಾಲಾಮಕ್ಕಳು ಇಂಗ್ಲಿಷನ್ನು 'ಪಾಸಾ ಅಂಗ್‌ಕ್ರಿತ್' ಎಂದು ಕರೆಯುತ್ತಾರೆ. 'ಪಾಸಾ' ಎಂಬುದು ನಮಗೆ ಪರಿಚಿತವಾದ 'ಭಾಷಾ' ಶಬ್ದವೇ. 'ಅಂಗ್‌ಕ್ರಿತ್' ಎಂಬುದರ ಕಥೆ ಇನ್ನೂ ಸ್ವಾರಸ್ಯವಾದುದು. ಅದನ್ನು ಬರೆಯುವಾಗ ಅವರು ಋಕಾರವನ್ನೂ ಷಕಾರವನ್ನೂ ಬಳಸುತ್ತಾರೆ. ದಕ್ಷಿಣ ಭಾರತದ ಪಲ್ಲವ ಲಿಪಿಯೇ ಖ್ಮೇರ್ ಲಿಪಿಯ ಮೂಲಕ ಸಾಗಿ ಥಾಯಿ ಲಿಪಿಯಾದುದರಿಂದ ಈ ಅಕ್ಷರಗಳು ಅಲ್ಲಿಯೂ ಉಂಟು. ಆದರೆ ಓದುವಾಗ ಕೊನೆಯ ಷಕಾರ ಕೇಳಿಸದು. ಅದರ ಸ್ಥಾನದಲ್ಲಿ ತಕಾರ ನಿಂತುಬಿಡುತ್ತದೆ. ಇಂಗ್ಲಿಷು ಥಾಯಿ ನಾಲಗೆಯನ್ನು ಮುಟ್ಟಿದೊಡನೆ ಏನಾಗುತ್ತದೆಂಬುದನ್ನು ಆ ಭಾಷೆಯ ಹೆಸರೇ ತಿಳಿಸುತ್ತದೆ. ಅಲ್ಲಿನ ಮಕ್ಕಳಿಗಾಗಿ ಇಂಗ್ಲಿಷ್ ಪುಸ್ತಕ ರಚಿಸುವವರು ಎದುರಿಸಬೇಕಾದ ತೊಡಕುಗಳಲ್ಲಿ ಇದು ಮೊದಲನೆಯದು.

ಥಾಯ್ಲೆಂಡು, 1939ರ ವರೆಗೆ ಸಯಾಂ ಎಂದು ಹೆಸರಾಗಿದ್ದ ದೇಶ, ಯಾವ ಐರೋಪ್ಯ ರಾಷ್ಟ್ರದ ವಸಾಹತೂ ಆಗಲಿಲ್ಲ. ಇಂಗ್ಲಿಷು ಅಲ್ಲಿಗೆ ದೊರೆಯೇ ಕರೆಸಿಕೊಂಡ ಅತಿಥಿಯಂತೆ ಬಂದಿತು. 1851ರಲ್ಲಿ ಪಟ್ಟವೇರಿದ ಮೊಂಗ್‌ಕುಟ್ ಅದಕ್ಕೆ ಮೊದಲು ಇಪ್ಪತ್ತೇಳು ವರ್ಷ ಭಿಕ್ಷುವಾಗಿದ್ದವನು. ಆ ದಿನಗಳಲ್ಲಿಯೇ ಅಮೆರಿಕದ ಪಾದ್ರಿಗಳಿಂದ ಇಂಗ್ಲಿಷು ಕಲಿತಿದ್ದನು. 1862ರಲ್ಲಿ ಅರಮನೆಯ ಮಕ್ಕಳಿಗೆ ಪಾಠ ಹೇಳಲು ಅವನು ಆನ್ನಾ ಲಿಯೊನೊವೆನ್ಸ್ ಎಂಬಾಕೆಯನ್ನು ನೇಮಿಸಿಕೊಂಡನು. ಆಕೆ 1831ರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ ಹುಟ್ಟಿದವಳು. ಇಂಗ್ಲಿಷ್ ಭಾಷೆ, ವಿಜ್ಞಾನ, ಸಾಹಿತ್ಯಗಳನ್ನು ಕಲಿಸಬೇಕು, ಮತಾಂತರದ ಪ್ರಯತ್ನ ಕೂಡದು ಎಂದು ದೊರೆ ತನ್ನ ಪತ್ರದಲ್ಲಿ ಮೊದಲೇ ತಿಳಿಸಿದ್ದನು. ಭಾಷೆಯೊಂದು ಮನೆಯೊಳಗೆ ಬರುವಾಗ ಅದರ ಬೆನ್ನಿಗೆ ಇನ್ನೇನನ್ನು ಬರಗೊಡಬೇಕು ಎಂಬ ಪ್ರಶ್ನೆಯನ್ನು ಅವನು ಅಂದೇ ಕೇಳಿದ್ದನೆನ್ನಬಹುದು. ಪಠ್ಯಪುಸ್ತಕದ ಪುಟಪುಟದಲ್ಲಿಯೂ ಆ ಪ್ರಶ್ನೆ ಇಂದಿಗೂ ಏಳುತ್ತದೆ.

ಆಳಿಸಿಕೊಳ್ಳದಿದ್ದುದರ ಭಾಗ್ಯಕ್ಕೆ ಒಂದು ಪರಿಣಾಮವೂ ಉಂಟು. ನಮ್ಮಲ್ಲಿ ಇಂಗ್ಲಿಷು ನ್ಯಾಯಾಲಯ, ರೈಲು, ಕಚೇರಿಗಳ ಮೂಲಕ ಜನರ ಕಿವಿಗೆ ಬಿದ್ದಿತು. ಥಾಯ್ಲೆಂಡಿನಲ್ಲಿ ಆಡಳಿತ, ವ್ಯಾಪಾರ, ಉನ್ನತ ಶಿಕ್ಷಣ ಎಲ್ಲವೂ ಬಹುಮಟ್ಟಿಗೆ ಥಾಯಿಯಲ್ಲಿಯೇ ನಡೆದವು. ಪ್ರವಾಸಿಗಳು ನೆರೆಯುವ ಪಟ್ಟಣಗಳನ್ನು ಬಿಟ್ಟರೆ ಹಳ್ಳಿಯ ಮಗುವಿಗೆ ಇಂಗ್ಲಿಷು ಎದುರಾಗುವುದು ತರಗತಿಯಲ್ಲಿ ಮಾತ್ರ; ಅಲ್ಲಿಯೂ ಪುಸ್ತಕವೇ ಮುಖ್ಯ ಆಧಾರ. 1996ರ ಪಠ್ಯಕ್ರಮ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಕಡ್ಡಾಯಗೊಳಿಸಿತು. 2009ರಲ್ಲಿ ಬಂದ ಹದಿನೈದು ವರ್ಷಗಳ ಉಚಿತ ಶಿಕ್ಷಣದ ಯೋಜನೆ ಪಠ್ಯಪುಸ್ತಕಗಳನ್ನೂ ಒಳಗೊಂಡಿತು. ಪುಸ್ತಕ ಮನೆಮನೆಗೆ ಮುಟ್ಟಿತು. ಅದು ಮಗುವಿನ ಮನಸ್ಸನ್ನು ಮುಟ್ಟಿತೇ ಎಂಬುದು ಬೇರೆ ವಿಚಾರ.

ಇಂಥ ಪುಸ್ತಕಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು, ಹೊರದೇಶದ ದೊಡ್ಡ ಪ್ರಕಾಶಕರು ಹಲವು ರಾಷ್ಟ್ರಗಳಿಗೆಂದು ಸಿದ್ಧಪಡಿಸಿ ಅಲ್ಪಸ್ವಲ್ಪ ಬದಲಾವಣೆಯೊಡನೆ ಕಳುಹಿಸುವಂಥದು. ಮುದ್ರಣ ಸೊಗಸು, ಚಿತ್ರಗಳು ಮೋಹಕ, ಸಂಭಾಷಣೆ ಸಹಜ. ಆದರೆ ಅಲ್ಲಿ ವಸಂತ, ಗ್ರೀಷ್ಮ, ಶರತ್ತು, ಹಿಮಗಾಲ ಎಂದು ನಾಲ್ಕು ಋತುಗಳು ಬರುತ್ತವೆ. ಥಾಯಿ ಮಗು ಬಲ್ಲ ಕಾಲಗಳು ಮೂರೇ: ಬೇಸಗೆ, ಮಳೆಗಾಲ, ತಂಪುಗಾಲ. ಮೂರು ಹೊತ್ತೂ ಅನ್ನ ಉಣ್ಣುವ ಮಗು ರೊಟ್ಟಿ ಬೆಣ್ಣೆಯ ಉಪಾಹಾರದ ಪಟ್ಟಿಯನ್ನು ಬಾಯಿಪಾಠ ಮಾಡುತ್ತದೆ. ಇನ್ನೊಂದು ಬಗೆ, ದೇಶದೊಳಗೇ ಸಿದ್ಧವಾದದ್ದು. ಅದರಲ್ಲಿ ಭತ್ತದ ಗದ್ದೆ, ಬುದ್ಧಾಲಯ, ಸಂತೆ ಎಲ್ಲವೂ ಉಂಟು. ಜೊತೆಗೆ ವ್ಯಾಕರಣದ ಕೋಷ್ಟಕಗಳೂ ಥಾಯಿ ಅರ್ಥಗಳೂ ಉಂಟು. ಆದರೆ ಮಾತಿನ ಜೀವ ಅನೇಕ ವೇಳೆ ಕೋಷ್ಟಕದಲ್ಲಿ ಸಿಕ್ಕಿ ಒಣಗಿರುತ್ತದೆ.

ಮೊದಲ ಬಗೆಯ ಪುಸ್ತಕಕ್ಕೆ ಇನ್ನೂ ಆಳವಾದ ಒಂದು ಕೊರತೆಯಿದೆ. ಎಲ್ಲರಿಗಾಗಿ ಬರೆದ ಪುಸ್ತಕಕ್ಕೆ ಯಾರ ನಾಲಗೆ ಎಲ್ಲಿ ತೊಡರುತ್ತದೆಂಬುದು ತಿಳಿಯದು. ಥಾಯಿಯಲ್ಲಿ ಕ್ರಿಯಾಪದಕ್ಕೆ ಕಾಲಕ್ಕೆ ತಕ್ಕ ರೂಪಭೇದವಿಲ್ಲ. ನಾಮಪದಕ್ಕೆ ಬಹುವಚನ ಪ್ರತ್ಯಯವಿಲ್ಲ. 'ನಿನ್ನೆ', 'ನಾಳೆ' ಎಂಬಂಥ ಪದಗಳೂ ಕೆಲವು ಸಹಾಯಕ ಶಬ್ದಗಳೂ ಆ ಕೆಲಸವನ್ನು ನೆರವೇರಿಸುತ್ತವೆ. ಇಂಗ್ಲಿಷಾದರೋ ಭೂತಕಾಲ, ಬಹುವಚನ, ಪ್ರಥಮ ಪುರುಷದ ಏಕವಚನ, ಇವುಗಳ ಗುರುತನ್ನು ಹೆಚ್ಚಾಗಿ ಪದದ ಕೊನೆಯಲ್ಲಿ ಇಡುತ್ತದೆ. ಥಾಯಿ ನಾಲಗೆ ಬಾಗಿಲು ಮುಚ್ಚುವುದೂ ಸರಿಯಾಗಿ ಅಲ್ಲಿಯೇ. ಆ ಭಾಷೆಯಲ್ಲಿ ಪದಾಂತ್ಯದಲ್ಲಿ ನಿಲ್ಲಬಲ್ಲ ವ್ಯಂಜನಗಳು ಬೆರಳೆಣಿಕೆಯಷ್ಟು. ಸಕಾರ ತಕಾರವಾಗುತ್ತದೆ, ಲಕಾರ ನಕಾರವಾಗುತ್ತದೆ. 'ಟೆನ್ನಿಸ್' ಅವರ ಬಾಯಲ್ಲಿ 'ತೆನ್ನಿತ್'. 'ಫುಟ್‌ಬಾಲ್' ಎಂಬುದು 'ಫುತ್‌ಬೋನ್'. ಆದ್ದರಿಂದ ಥಾಯಿ ಬಾಲಕನು ಬಹುವಚನದ ಸಕಾರವನ್ನು ಬಿಟ್ಟರೆ ಅದನ್ನು ಅಲಕ್ಷ್ಯವೆಂದು ಭಾವಿಸಲಾಗದು. ಅವನಿಗೆ ವ್ಯಾಕರಣದ ಕಷ್ಟವೂ ಉಚ್ಚಾರಣೆಯ ಕಷ್ಟವೂ ಒಂದೇ ಎಡೆಯಲ್ಲಿ ಬಂದು ಕೂಡಿವೆ. 'ಇಸ್ಕೂಲು' ಎನ್ನುವ ನಮ್ಮ ಜನಕ್ಕೆ ಇದು ಅರ್ಥವಾಗದ ವಿಷಯವೇನಲ್ಲ. ಇಂಥ ಎಡೆಯಲ್ಲಿ ಹತ್ತು ಪುಟ ನಿಂತು, ಅವನಿಗೆ ಸುಲಭವಾದ ಎಡೆಯನ್ನು ಅರ್ಧ ಪುಟದಲ್ಲಿ ದಾಟುವ ಪುಸ್ತಕವೇ ನಿಜವಾಗಿ ಅವನ ಪುಸ್ತಕ.

ಧ್ವನಿಯನ್ನು ದಾಟಿ ಸಂಬಂಧಗಳಿಗೆ ಬಂದರೆ ತೊಡಕು ಇನ್ನೂ ಸೂಕ್ಷ್ಮವಾಗುತ್ತದೆ. ಥಾಯಿಯಲ್ಲಿ ಹಿರಿಯ ಒಡಹುಟ್ಟಿದವರು 'ಪೀ', ಕಿರಿಯರು 'ನೋಂಗ್'. ಹಿರಿಯರೋ ಕಿರಿಯರೋ ಎಂಬುದನ್ನು ಮುಚ್ಚಿಟ್ಟು ಒಡಹುಟ್ಟಿದವರನ್ನು ಹೆಸರಿಸುವುದು ಅವರಿಗೆ ಸಹಜವಲ್ಲ. ಅಪರಿಚಿತರನ್ನು ಮಾತನಾಡಿಸುವಾಗಲೂ ಈ ಪದಗಳೇ ನೆರವಿಗೆ ಬರುತ್ತವೆ. ಮೊದಲ ಪಾಠದಲ್ಲಿಯೇ 'ಬ್ರದರ್' ಎಂಬ ಶಬ್ದ ಕಂಡಾಗ, ಈತ ಅಣ್ಣನೋ ತಮ್ಮನೋ ಎಂದು ಮಗುವಿನ ಮನಸ್ಸು ಕೇಳುತ್ತದೆ. ಪುಸ್ತಕ ಉತ್ತರಿಸದೆ ಮುಂದೆ ಸಾಗುತ್ತದೆ. ಕುಶಲಪ್ರಶ್ನೆಯ ಸಂಗತಿಯೂ ಅಷ್ಟೆ. 'ಊಟವಾಯಿತೇ?', 'ಎಲ್ಲಿಗೆ ಹೊರಟಿರಿ?' ಎಂಬುವು ನಮ್ಮಲ್ಲಿಯಂತೆ ಥಾಯಿಯಲ್ಲಿಯೂ ಆದರದ ಮಾತುಗಳು. ಇಂಗ್ಲಿಷಿನಲ್ಲಿ ಇದನ್ನೇ ಕೇಳಿದರೆ ಊಟಕ್ಕೆ ಕರೆದಂತೆಯೋ ಗುಟ್ಟು ಕೆದಕಿದಂತೆಯೋ ಆದೀತು. ಅದರ ಬದಲು ತರಗತಿಗೆ ಗುರು ಕಾಲಿಟ್ಟೊಡನೆ ಮಕ್ಕಳೆಲ್ಲ ಎದ್ದುನಿಂತು, ತಾವು ಕ್ಷೇಮ, ತಾವು ಹೇಗಿದ್ದೀರಿ ಎಂಬ ಇಂಗ್ಲಿಷ್ ವಾಕ್ಯವನ್ನು ಒಂದೇ ರಾಗದಲ್ಲಿ ಒಪ್ಪಿಸುತ್ತಾರೆ. ಜ್ವರ ಬಂದ ಮಗುವೂ ಕ್ಷೇಮವೆಂದೇ ಹಾಡುತ್ತದೆ. ಮಾತು ಮಂತ್ರವಾಗಿ, ಅರ್ಥ ಹಿಂದೆ ಉಳಿಯುತ್ತದೆ.

ಪುಸ್ತಕವೊಂದು ಮಕ್ಕಳ ಹೃದಯವನ್ನು ಹೊಗಬಲ್ಲುದೆಂಬುದಕ್ಕೆ ಆ ದೇಶದಲ್ಲಿಯೇ ನಿದರ್ಶನವಿದೆ. 1978ರಿಂದ 1994ರ ವರೆಗೆ ಬಳಕೆಯಲ್ಲಿದ್ದ ಥಾಯಿ ಭಾಷೆಯ ವಾಚಿಕೆಗಳಲ್ಲಿ ಮಾನೀ, ಮಾನಾ, ಪೀತಿ, ಚೂಜಾಯ್ ಎಂಬ ಮಕ್ಕಳ ಕಥೆ ತರಗತಿಯಿಂದ ತರಗತಿಗೆ ಬೆಳೆಯುತ್ತಿತ್ತು. ಪೀತಿಯ ಮುದಿ ಕುದುರೆ ಸತ್ತ ಪಾಠವನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವ ನಡುವಯಸ್ಕರು ಇಂದಿಗೂ ಅಲ್ಲಿದ್ದಾರೆ. ಇಂಗ್ಲಿಷ್ ಪಠ್ಯಗಳ ಪಾತ್ರಗಳಿಗೆ ಈ ಭಾಗ್ಯ ಒದಗಿದುದು ವಿರಳ. ಅವು ಅಂಗಡಿಗೆ ಹೋಗುತ್ತವೆ, ದಾರಿ ಕೇಳುತ್ತವೆ, ಗಂಟೆ ಹೇಳುತ್ತವೆ, ಅವುಗಳಿಗೆ ದುಃಖವೆಂಬುದಿಲ್ಲ.

ಥಾಯಿಯೇ ಎರಡನೆಯ ಭಾಷೆಯಾಗಿರುವ ಮಕ್ಕಳನ್ನೂ ಇಲ್ಲಿ ಮರೆಯಲಾಗದು. ಈಶಾನ್ಯದ ಇಸಾನ್ ಸೀಮೆಯಲ್ಲಿ ಮನೆಮಾತು ಲಾವೋ ಭಾಷೆಗೆ ಹತ್ತಿರವಾದುದು. ದಕ್ಷಿಣದ ಪಟ್ಟಾನಿಯಲ್ಲಿ ಅದು ಮಲಾಯ್. ಅವರಿಗೆ ಇಂಗ್ಲಿಷು ಮೂರನೆಯದು. ಮಲಾಯ್ ಮಕ್ಕಳಿಗೆ ಮೊದಲು ಮನೆಮಾತಿನಲ್ಲಿ ಓದುಬರಹ ಕಲಿಸಿ ಅನಂತರ ಥಾಯಿಗೆ ಕರೆದೊಯ್ಯುವ ಮಹಿಡಾನ್ ವಿಶ್ವವಿದ್ಯಾನಿಲಯದ ಪ್ರಯೋಗಕ್ಕೆ 2016ರಲ್ಲಿ ಯುನೆಸ್ಕೋದ ಸಾಕ್ಷರತಾ ಪ್ರಶಸ್ತಿ ದೊರೆಯಿತು. ತನ್ನ ಮಾತಿನಲ್ಲಿ ಗಟ್ಟಿಯಾಗಿ ನಿಂತ ಮಗು ಇನ್ನೊಂದು ಭಾಷೆಗೆ ಧೈರ್ಯವಾಗಿ ಕೈ ಚಾಚುತ್ತದೆಂಬ ಈ ಪಾಠ ಇಂಗ್ಲಿಷ್ ಪುಸ್ತಕ ಬರೆಯುವವರಿಗೂ ಅನ್ವಯಿಸುತ್ತದೆ.

ಹೀಗಿರಲಾಗಿ, ಈ ಮಕ್ಕಳು ಇಂಗ್ಲಿಷಿನಲ್ಲಿ ಮಾತನಾಡಬೇಕಾದುದು ಯಾರೊಡನೆ? 2007ರಲ್ಲಿ ಸಹಿಯಾದ ಆಸಿಯಾನ್ ಸನ್ನದು ಆಗ್ನೇಯ ಏಷ್ಯದ ರಾಷ್ಟ್ರಗಳ ಈ ಒಕ್ಕೂಟಕ್ಕೆ ಇಂಗ್ಲಿಷೇ ವ್ಯವಹಾರಭಾಷೆಯೆಂದು ವಿಧಿಸಿತು. 2008ರ ಥಾಯಿ ಪಠ್ಯಕ್ರಮವೂ ಸಂವಹನದ ಜೊತೆಗೆ ಸಂಸ್ಕೃತಿ, ಇತರ ವಿಷಯಗಳು, ಸಮುದಾಯ ಹಾಗೂ ಜಗತ್ತು ಇವುಗಳೊಡನೆ ಭಾಷೆಯ ಸಂಬಂಧವನ್ನು ಗುರಿಯಾಗಿ ಹೇಳಿದೆ. ಅಂದಮೇಲೆ ಇಸಾನಿನ ಹುಡುಗಿಯ ಇಂಗ್ಲಿಷನ್ನು ನಾಳೆ ಕೇಳುವವನು ಲಂಡನ್ನಿನವನಾಗದೆ ವಿಯೆಟ್ನಾಮಿನವನೋ ಇಂಡೊನೇಷ್ಯದವನೋ ಆಗಬಹುದು. ಅವನು ಆಕೆಯನ್ನು ಹಿಮಗಾಲದ ವಿಷಯವಾಗಿ ಕೇಳುವುದಿಲ್ಲ. ನಿಮ್ಮೂರಲ್ಲಿ ಭತ್ತ ಯಾವಾಗ ನಾಟಿಯಾಗುತ್ತದೆ, ಮಳೆ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಾನೆ. ಆಗ ಆಕೆ ತನ್ನ ಗದ್ದೆಯನ್ನೂ ತನ್ನ 'ಪೀ'ಯನ್ನೂ ಅಳುಕಿಲ್ಲದೆ ಇಂಗ್ಲಿಷಿನಲ್ಲಿ ಹೇಳಬಲ್ಲಳಾದರೆ, ಪದಾಂತ್ಯದ ಒಂದೆರಡು ಸಕಾರಗಳು ಜಾರಿಹೋದರೂ ಆಕೆಯ ಪುಸ್ತಕ ತನ್ನ ಕೆಲಸ ಮಾಡಿದೆಯೆಂದೇ ತಿಳಿಯಬೇಕು.