ಗರ್ಭಕೊರಳಿನ ಕ್ಯಾನ್ಸರ್: ಚಿಕಿತ್ಸೆಯನ್ನು ನಡುವೆ ಬಿಡದಿರೋಣ



ಗರ್ಭಕೊರಳಿನ ಕ್ಯಾನ್ಸರ್ ಆದ ಹೆಂಗಸಿಗೆ ‘ಕರೆಂಟ್ ಕೊಡಬೇಕು’ ಎಂದರೆ ಮನೆಮಂದಿ ಹೆದರುತ್ತಾರೆ. ನಾವು ಕರೆಂಟ್ ಎನ್ನುವುದು ವಿದ್ಯುತ್ತಲ್ಲ, ವಿಕಿರಣ. ರೋಗ ಸುತ್ತಲಿನ ಭಾಗಕ್ಕೆ ಹಬ್ಬಿದ್ದರೂ ಗುಣಪಡಿಸುವ ಮುಖ್ಯ ಚಿಕಿತ್ಸೆ ಇದೇ.

ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 5 ವಾರ ಹೊರಗಿನಿಂದ ವಿಕಿರಣ ಕೊಡುತ್ತಾರೆ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧಿಯ ಡ್ರಿಪ್ ಇರುತ್ತದೆ. ಆಮೇಲೆ ಕೆಲವು ಬಾರಿ ಒಳಗಿನಿಂದ ವಿಕಿರಣ ಕೊಡುತ್ತಾರೆ. ಇದೆಲ್ಲ 8 ವಾರದೊಳಗೆ ಮುಗಿಯಬೇಕು. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ.

ಇಷ್ಟು ಬಿಗಿಯಾದ ಚಿಕಿತ್ಸೆಗೆ ಅಡ್ಡಪರಿಣಾಮಗಳಿವೆ. ಕರುಳು ಮತ್ತು ಮೂತ್ರಕೋಶ ಗರ್ಭಕೊರಳಿಗೆ ಅಂಟಿಕೊಂಡಂತೆ ಇರುವುದರಿಂದ ಅವಕ್ಕೂ ವಿಕಿರಣ ತಾಗುತ್ತದೆ. ಎರಡು ಮೂರನೆಯ ವಾರದಿಂದ ಭೇದಿ, ಉರಿಮೂತ್ರ, ವಾಕರಿಕೆ, ತೀವ್ರ ಸುಸ್ತು ಕಾಣಿಸಬಹುದು. ರಕ್ತದ ಕಣಗಳೂ ಕಡಿಮೆಯಾಗಬಹುದು. ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇಳಿಯುತ್ತವೆ. ‘ಕರೆಂಟ್ ಆಗಿಬರಲಿಲ್ಲ’ ಎಂದು ಊರಿಗೆ ಮರಳುವುದು ಇದೇ ಹೊತ್ತಿನಲ್ಲಿ. ಮರಳಬೇಡಿ, ಡಾಕ್ಟರಿಗೆ ಹೇಳಿ. ಭೇದಿಗೂ ವಾಂತಿಗೂ ಔಷಧಿ ಇದೆ. ಜ್ವರ ಬಂದರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ರಕ್ತ ಹೆಚ್ಚು ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೆಲವು ತೊಂದರೆಗಳು ತಿಂಗಳುಗಳ, ವರ್ಷಗಳ ಮೇಲೆ ಬರುತ್ತವೆ: ಮಲ ಮೂತ್ರದಲ್ಲಿ ರಕ್ತ, ಸೊಂಟದ ಮೂಳೆಯ ನೋವು, ಯೋನಿಮಾರ್ಗ ಕಿರಿದಾಗುವುದು. ಚಿಕ್ಕ ವಯಸ್ಸಿನವರಿಗೂ ಮುಟ್ಟು ನಿಲ್ಲುತ್ತದೆ, ಮುಂದೆ ಮಕ್ಕಳಾಗುವುದಿಲ್ಲ. ಇದನ್ನು ಚಿಕಿತ್ಸೆಗೆ ಮೊದಲೇ ಗಂಡ ಹೆಂಡತಿ ಇಬ್ಬರೂ ಕೇಳಿ ತಿಳಿಯಬೇಕು. ದಾಂಪತ್ಯದ ನೋವಿಗೂ ಪರಿಹಾರವಿದೆ. ಹೇಳಲು ನಾಚಿಕೆಯಾದರೆ ಲೇಡಿ ಡಾಕ್ಟರನ್ನೋ ನರ್ಸಮ್ಮನನ್ನೋ ಕೇಳಬಹುದು.

ಯಂತ್ರಗಳೂ ಸುಧಾರಿಸಿವೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯು ಆಪರೇಷನ್ ನಂತರ ವಿಕಿರಣ ಪಡೆದ 300 ಮಹಿಳೆಯರ ಮೇಲೆ ಅಧ್ಯಯನ ನಡೆಸಿತು. ಕರುಳನ್ನು ತಪ್ಪಿಸಿ ಗುರಿಯಿಡುವ ಹೊಸ ವಿಧಾನದಲ್ಲಿ 3 ವರ್ಷಗಳ ಹೊತ್ತಿಗೆ ಕರುಳಿನ ತೊಂದರೆ ಸುಮಾರು ಶೇ. 21ರಷ್ಟಿತ್ತು, ಹಳೆಯ ವಿಧಾನದಲ್ಲಿ ಶೇ. 42.

ವಿಕಿರಣ ಪಡೆದವಳು ಅಡುಗೆ ಮಾಡಬಾರದು, ಮಗುವನ್ನು ಎತ್ತಬಾರದು ಎಂಬ ಮಾತು ಸುಳ್ಳು. ಹೊರಗಿನ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಒಳಗಿನ ಚಿಕಿತ್ಸೆಯಲ್ಲೂ ಮನೆಗೆ ಕಳಿಸುವ ಮುನ್ನ ವಿಕಿರಣದ ಮೂಲವನ್ನು ಹೊರತೆಗೆದಿರುತ್ತಾರೆ. ಅವಳನ್ನು ದೂರವಿಡುವುದು ಅನ್ಯಾಯ.

ರಂಜಾನ್‌ನಲ್ಲಿ ಚಿಕಿತ್ಸೆ ಬಂದರೆ ರೋಜಾದ ಬಗ್ಗೆ ಚಿಂತೆ ಬೇಡ. ರೋಗಿಗೆ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ. ಸಿಸ್‌ಪ್ಲಾಟಿನ್ ಪಡೆಯುವವರ ಮೂತ್ರಪಿಂಡ ಉಳಿಯಲು ನೀರು ಬೇಕೇಬೇಕು. ಮುಂದಿನದನ್ನು ಆಲಿಮರಲ್ಲಿ ಕೇಳಿ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಅದಕ್ಕಿದೆ. ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಆದರೆ ತೆಕ್ಕಲಕೋಟೆಯ ಕೂಲಿ ಹೆಂಗಸಿಗೆ ಎರಡು ತಿಂಗಳು ಊರು ಬಿಟ್ಟಿರುವುದೇ ಕಷ್ಟ. ಭತ್ತದ ನಾಟಿ ನಿಂತರೆ ಕೂಲಿ ನಿಲ್ಲುತ್ತದೆ, ಮಕ್ಕಳನ್ನು ನೋಡುವವರಿಲ್ಲ. ಬಸ್ ಚಾರ್ಜು, ಜೊತೆಗೊಬ್ಬ ಹೆಂಗಸು, ಮಕ್ಕಳಿಗೆ ಎರಡು ಹೊತ್ತಿನ ಊಟ – ಇಷ್ಟನ್ನು ಮೊಹಲ್ಲಾದವರು ಹೊತ್ತರೆ ಅವಳ ಚಿಕಿತ್ಸೆ ಪೂರ್ಣವಾಗುತ್ತದೆ. ದುಆ ಮಾಡೋಣ, ಈ ಹೊರೆಯನ್ನೂ ಹಂಚಿಕೊಳ್ಳೋಣ.